ಬೈಕ್ ಟೂರಿಗೆ ಎಂಥ ಜಿಪಿಎಸ್ ಕೊಳ್ಳಬೇಕು?

ಜುಲೈ ತಿಂಗಳು. ಕೊಟ್ಟಿಗೆಹಾರದಲ್ಲಿ ನೀರುದೋಸೆ ತಿಂದು ಹೊರಟಾಗ ಸಣ್ಣ ಹನಿ ಇತ್ತು. ಫೋನ್ ವಾಟರ್‌ಪ್ರೂಫ್ ಅಲ್ವಾ ಅನ್ನುವ ಧೈರ್ಯದಲ್ಲಿ ಕವರ್ ಹಾಕದೆ ಹ್ಯಾಂಡಲ್‌ಗೆ ಸಿಕ್ಕಿಸಿದ್ದೆ. ಹತ್ತು ನಿಮಿಷಕ್ಕೆ ಮಳೆ ಜೋರಾಯಿತು. ಫೋನಿಗೆ ಏನೂ ಆಗಲಿಲ್ಲ ನಿಜ. ಆದರೆ ಪ್ರತಿ ಹನಿಯನ್ನೂ ಅದು ಬೆರಳು ಅಂದುಕೊಂಡಿತು. ಮ್ಯಾಪ್ ತಾನಾಗಿ ಚಿಕ್ಕದಾಯಿತು, ದೊಡ್ಡದಾಯಿತು, ಕೊನೆಗೆ ತಾನೇ ಇನ್ನೊಂದು ದಾರಿ ಆರಿಸಿಕೊಂಡಿತು. ನಾನು ಗಮನಿಸಲೇ ಇಲ್ಲ. ಡಾಂಬರು ಮುಗಿದು ಕೆಸರು ಬಂತು, ಕೆಸರು ಮುಗಿದು ಬೀಗ ಹಾಕಿದ ಗೇಟ್ ಬಂತು. ಪ್ಲಾಸ್ಟಿಕ್ ಕೊಪ್ಪೆ ಹೊದ್ದುಕೊಂಡ ಹಿರಿಯರೊಬ್ಬರು ತೋಟದಿಂದ ಹೊರಗೆ ಬಂದು, ‘ಇದು ತೋಟದ ದಾರಿ ಮಾರಾಯ್ರೆ, ಮುಂದೆ ರಸ್ತೆ ಇಲ್ಲ. ಮ್ಯಾಪ್ ನೋಡ್ಕಂಡು ಬಂದ್ರಾ?’ ಎಂದರು. ಅವರು ಕೇಳಿದ ಧಾಟಿ ನೋಡಿದರೆ ಹಾಗೆ ಬಂದವರಲ್ಲಿ ನಾನೇನೂ ಮೊದಲಿಗನಲ್ಲ.

ಅವತ್ತಿನಿಂದ ಯಾರಾದರೂ ‘ಬೈಕಿಗೆ ಯಾವ ಜಿಪಿಎಸ್ ಒಳ್ಳೇದು?’ ಅಂತ ಕೇಳಿದರೆ ಹೆಸರು ಹೇಳುವ ಮೊದಲು ನಾನೇ ಒಂದಿಷ್ಟು ಪ್ರಶ್ನೆ ಕೇಳುತ್ತೇನೆ. ಆ ಪ್ರಶ್ನೆಗಳನ್ನೇ ಇಲ್ಲಿ ಹೆಜ್ಜೆ ಹೆಜ್ಜೆಯಾಗಿ ಕೊಟ್ಟಿದ್ದೇನೆ.

ಹೆಜ್ಜೆ 1: ನೀವು ಓಡಿಸುವುದು ಎಲ್ಲಿ?

ಹಿಂದಿನ ಮೂರು ಟೂರ್‌ಗಳನ್ನು ಒಂದು ಹಾಳೆಯಲ್ಲಿ ಬರೆಯಿರಿ. ಕನಸಿನ ಟೂರ್ ಅಲ್ಲ, ನಿಜವಾಗಿ ಹೋಗಿ ಬಂದದ್ದು. ಎಷ್ಟು ದಿನ, ಯಾವ ತಿಂಗಳು, ಹೆದ್ದಾರಿ ಎಷ್ಟು, ಕಾಡುದಾರಿ ಎಷ್ಟು? ವರ್ಷಕ್ಕೆ ಎರಡು ಸಲ ಬೆಂಗಳೂರಿನಿಂದ ಹಾಸನ, ಸಕಲೇಶಪುರ, ಶಿರಾಡಿ ಇಳಿದು ಮಂಗಳೂರಿಗೆ ಹೋಗುವವರಿಗೆ ಪ್ರತ್ಯೇಕ ಸಾಧನ ಬೇಕಿಲ್ಲ. ಮಳೆಗಾಲದಲ್ಲೇ ಮಲೆನಾಡು ಸುತ್ತುವವರು, ಸ್ಪಿತಿ-ಲಡಾಖ್ ಅಂತ ವಾರಗಟ್ಟಲೆ ಹೋಗುವವರು, ಗೆಳೆಯರ ಗುಂಪಿಗೆ ಮುಂದೆ ನಿಂತು ದಾರಿ ತೋರಿಸುವವರು, ಇವರ ಲೆಕ್ಕ ಬೇರೆ. ಲಡಾಖ್‌ನಲ್ಲಿ ನಮ್ಮ ಕಡೆಯ ಪ್ರೀಪೇಯ್ಡ್ ಸಿಮ್ ಕೆಲಸ ಮಾಡುವುದಿಲ್ಲ, ಪೋಸ್ಟ್‌ಪೇಯ್ಡ್ ಬೇಕು. ಅದೂ ಊರು ದಾಟಿದ ಮೇಲೆ ಸಿಗ್ನಲ್ ಇರುತ್ತೆ ಅನ್ನುವ ನಂಬಿಕೆ ಬೇಡ.

ಇಲ್ಲೇ ಒಂದು ಗೊಂದಲ ಬಗೆಹರಿಸಿಬಿಡೋಣ. ನೆಟ್‌ವರ್ಕ್ ಇಲ್ಲದಿದ್ದರೆ ಜಿಪಿಎಸ್ ಕೆಲಸ ಮಾಡಲ್ಲ ಅಂತ ಬಹಳ ಜನ ಅಂದುಕೊಂಡಿದ್ದಾರೆ. ತಪ್ಪು. ನಿಮ್ಮ ಫೋನು ಕನಿಷ್ಠ 4 ಉಪಗ್ರಹಗಳ ಸಿಗ್ನಲ್ ಹಿಡಿದು ತಾನು ಎಲ್ಲಿದ್ದೇನೆ ಅಂತ ಲೆಕ್ಕ ಹಾಕುತ್ತದೆ. ಅದಕ್ಕೆ ಟವರ್ ಬೇಕಿಲ್ಲ. ಟವರ್ ಇದ್ದರೆ ಮೊದಲ ಸಲ ಜಾಗ ಪತ್ತೆ ಮಾಡುವುದು ಬೇಗ ಆಗುತ್ತದೆ, ಅಷ್ಟೆ. ನೆಟ್ ಹೋದಾಗ ಮಾಯವಾಗುವುದು ಮ್ಯಾಪಿನ ಚಿತ್ರ. ನೀಲಿ ಚುಕ್ಕೆ ಸರಿಯಾಗೇ ಇರುತ್ತದೆ, ಅದರ ಸುತ್ತ ಬರೀ ಬೂದು ಬಣ್ಣ. ಹಾಗಾಗಿ ನೀವು ಕೊಳ್ಳುವುದು ಫೋನ್ ಹೋಲ್ಡರೇ ಆಗಲಿ, ಭಾರೀ ಬೆಲೆಯ ಸಾಧನವೇ ಆಗಲಿ, ಮ್ಯಾಪ್ ಅದರ ಹೊಟ್ಟೆಯೊಳಗೆ ಇರಬೇಕು.

ಅಂದಹಾಗೆ ಉಪಗ್ರಹಗಳಲ್ಲಿ ಅಮೆರಿಕದ ಜಿಪಿಎಸ್ ಒಂದೇ ಅಲ್ಲ. ರಷ್ಯಾದ ಗ್ಲೊನಾಸ್, ಯುರೋಪಿನ ಗೆಲಿಲಿಯೊ, ಚೀನಾದ ಬೈದೂ ಇವೆ. ನಮ್ಮದೇ ನಾವಿಕ್ ಕೂಡ ಇದೆ. ಅದರ ನ್ಯಾವಿಗೇಷನ್ ಕೇಂದ್ರ ಇರುವುದು ಬಿಡದಿ ಹತ್ತಿರದ ಬ್ಯಾಲಾಳಿನಲ್ಲಿ. ಹೆಚ್ಚು ವ್ಯವಸ್ಥೆಗಳನ್ನು ಹಿಡಿಯುವ ಸಾಧನ ಮರ, ಗುಡ್ಡಗಳ ನಡುವೆ ಜಾಸ್ತಿ ನಂಬಿಕೆಯದ್ದು. ಫೋನಿನ ವಿವರಗಳಲ್ಲಿ ಎಲ್1 ಜೊತೆಗೆ ಎಲ್5 (ಉಪಗ್ರಹ ಸಿಗ್ನಲ್ ಕಳಿಸುವ ಎರಡು ಬೇರೆ ಬೇರೆ ಫ್ರೀಕ್ವೆನ್ಸಿಗಳು) ಅಂತಲೂ ಇದ್ದರೆ ಇನ್ನೂ ಒಳ್ಳೆಯದು. ಬಂಡೆಗೆ, ಕಟ್ಟಡಕ್ಕೆ ಬಡಿದು ಬರುವ ಸಿಗ್ನಲ್‌ನಿಂದ ಆಗುವ ತಪ್ಪು ಕಡಿಮೆಯಾಗುತ್ತದೆ. ಆಗುಂಬೆ ಘಾಟಿಯ 14 ಹಿಮ್ಮುರಿ ತಿರುವುಗಳಲ್ಲಿ ಬಾಣ ಮೇಲಿನ ರಸ್ತೆಯಿಂದ ಕೆಳಗಿನ ರಸ್ತೆಗೆ ಜಿಗಿಯುವುದನ್ನು ನೋಡಿದ್ದರೆ ಇದು ಯಾಕೆ ಮುಖ್ಯ ಅಂತ ಗೊತ್ತಾಗುತ್ತದೆ.

ಹೆಜ್ಜೆ 2: ನಾಲ್ಕರಲ್ಲಿ ಯಾವುದು?

ಮೊದಲನೆಯದು ಬೈಕಿನಲ್ಲೇ ಬರುವ ಸ್ಕ್ರೀನ್. ರಾಯಲ್ ಎನ್‌ಫೀಲ್ಡ್ 2020ರಲ್ಲಿ ಮೀಟಿಯರ್ 350 ಜೊತೆ ಕೊಟ್ಟ ಟ್ರಿಪ್ಪರ್ ಬರೀ ಬಾಣ ಮತ್ತು ದೂರ ತೋರಿಸುತ್ತಿತ್ತು. 2023ರಲ್ಲಿ ಬಂದ ಹೊಸ ಹಿಮಾಲಯನ್‌ನ ದುಂಡು ಸ್ಕ್ರೀನ್ ಪೂರ್ತಿ ಗೂಗಲ್ ಮ್ಯಾಪನ್ನೇ ತೋರಿಸುತ್ತದೆ. ಚೆನ್ನಾಗಿದೆ. ಆದರೆ ಕೆಲಸ ಮಾಡುವುದೆಲ್ಲ ಜೇಬಿನಲ್ಲಿರುವ ನಿಮ್ಮ ಫೋನೇ. ಅದರ ಬ್ಯಾಟರಿ ಇಳಿಯುತ್ತದೆ, ಬಿಸಿಯೂ ಆಗುತ್ತದೆ. ಬಾಣ ಮಾತ್ರ ತೋರಿಸುವುದನ್ನು ಕೀಳಾಗಿ ನೋಡಬೇಡಿ. ಓಡಿಸುವಾಗ ಕಣ್ಣಿಗೆ ಬೇಕಾದ್ದು ಎಷ್ಟೋ ಸಲ ಅಷ್ಟೇ.

ಎರಡನೆಯದು ಹ್ಯಾಂಡಲ್ ಮೇಲೆ ಫೋನ್. ಇದಕ್ಕೆ ನನ್ನ ಓಟು, ಒಂದು ಷರತ್ತಿನ ಮೇಲೆ: ಹ್ಯಾಂಡಲ್ ಮೇಲಿರುವುದು ಹಳೇ ಫೋನ್ ಆಗಿರಲಿ. ದೊಡ್ಡ ಎಂಜಿನ್‌ನ ನಡುಕ ಕ್ಯಾಮೆರಾವನ್ನು ಹಾಳು ಮಾಡಬಹುದು ಅಂತ 2021ರಲ್ಲಿ ಆಪಲ್ ಕಂಪನಿಯೇ ಎಚ್ಚರಿಕೆ ಕೊಟ್ಟಿತ್ತು. ಫೋಟೋ ಅಲುಗದಂತೆ ನೋಡಿಕೊಳ್ಳಲು ಒಳಗೆ ಲೆನ್ಸ್ ತೇಲಿದ ಹಾಗೆ ಕೂತಿರುತ್ತದೆ. ಬೈಕಿನ ನಡುಕ ಗಂಟೆಗಟ್ಟಲೆ ಸಿಕ್ಕಿದರೆ ಆ ಸೂಕ್ಷ್ಮ ವ್ಯವಸ್ಥೆ ಕೆಡುತ್ತದೆ. ಡ್ರಾಯರಿನಲ್ಲಿ ಬಿದ್ದಿರುವ ಹಳೇ ಫೋನಿಗೆ ಆ ಚಿಂತೆ ಇಲ್ಲ. ಸಿಮ್ ಕೂಡ ಬೇಡ. ಮನೆಯ ವೈಫೈನಲ್ಲಿ ಮ್ಯಾಪ್ ಇಳಿಸಿಕೊಂಡರೆ ಸಾಕು, ದಾರಿಯಲ್ಲಿ ಟ್ರಾಫಿಕ್ ನೋಡಬೇಕಾದರೆ ಜೇಬಿನ ಫೋನಿನಿಂದ ಹಾಟ್‌ಸ್ಪಾಟ್ ಕೊಡಿ. ಹೊಸ ಫೋನು ಒಣಗಿದ ಜೇಬಿನಲ್ಲಿ, ಪೂರ್ತಿ ಚಾರ್ಜಿನಲ್ಲಿ, ಅವಸರಕ್ಕೆ ಅಂತ ಇರುತ್ತದೆ.

ಮೂರನೆಯದು ಕಾರ್‌ಪ್ಲೇ, ಆಂಡ್ರಾಯ್ಡ್ ಆಟೊ (ಫೋನಿನ ಮ್ಯಾಪನ್ನು ಬೇರೆ ಸ್ಕ್ರೀನಿಗೆ ಕಳಿಸುವ ವ್ಯವಸ್ಥೆಗಳು) ತೋರಿಸುವ ಪ್ರತ್ಯೇಕ ಪರದೆ. ನೀರು ತಡೆಯುತ್ತದೆ, ಫೋನ್ ಹೊರಗಿಡಬೇಕಿಲ್ಲ. ಆದರೂ ತಲೆ ಫೋನಿನದ್ದೇ. ಫೋನ್ ಸತ್ತರೆ ಇದೂ ಸತ್ತಂತೆ.

ನಾಲ್ಕನೆಯದು ಬೈಕಿಗೆಂದೇ ಮಾಡಿದ ಜಿಪಿಎಸ್. ಗಾರ್ಮಿನ್ ಜೂಮೊ ಎಕ್ಸ್‌ಟಿ ಇದರಲ್ಲಿ ಹೆಸರಾದದ್ದು. 5.5 ಇಂಚಿನ ಪ್ರಖರ ಸ್ಕ್ರೀನ್, ಗ್ಲೌಸ್ ಹಾಕಿಕೊಂಡೇ ಒತ್ತಬಹುದು, ಮ್ಯಾಪ್ ಒಳಗೇ ಇರುತ್ತದೆ. ಬೆಲೆ ಕೇಳಿದರೆ ಎದೆ ಧಸಕ್ಕನ್ನುತ್ತದೆ. ವಿದೇಶದಿಂದ ಬರುವವರ ಕೈಲಿ ತರಿಸುವುದಾದರೆ ಮೊದಲು ಅದರಲ್ಲಿ ಯಾವ ದೇಶದ ಮ್ಯಾಪ್ ಇದೆ ಅಂತ ಕೇಳಿ. ಯುರೋಪಿನ ಮ್ಯಾಪ್ ಇಟ್ಟುಕೊಂಡು ಚಿಕ್ಕಮಗಳೂರಿಗೆ ಹೋಗಲಾಗುವುದಿಲ್ಲ. ಓಪನ್‌ಸ್ಟ್ರೀಟ್‌ಮ್ಯಾಪ್‌ನ ಭಾರತದ ನಕ್ಷೆ (ಜನರೇ ಸೇರಿ ಮಾಡಿದ ಉಚಿತ ಮ್ಯಾಪ್) ಹಾಕಿಕೊಳ್ಳಬಹುದು, ಆದರೆ ಅದಕ್ಕೆ ತಾಳ್ಮೆ ಬೇಕು.

ಇದೇ ಸಂದರ್ಭದಲ್ಲಿ ಒಂದು ಎಚ್ಚರಿಕೆ. ಕೆಲವು ಮಾದರಿಗಳು ಉಪಗ್ರಹದ ಮೂಲಕ ಮೆಸೇಜ್ ಕೂಡ ಕಳಿಸುತ್ತವೆ. ಭಾರತದಲ್ಲಿ ಅಂಥ ಸಾಧನ, ಸ್ಯಾಟಲೈಟ್ ಫೋನ್ ಇವನ್ನೆಲ್ಲ ಸರ್ಕಾರದ ಅನುಮತಿ ಇಲ್ಲದೆ ಇಟ್ಟುಕೊಳ್ಳುವಂತಿಲ್ಲ. ಸಿಕ್ಕಿಬಿದ್ದರೆ ಪೊಲೀಸ್ ಠಾಣೆ ಮೆಟ್ಟಿಲು ಹತ್ತಬೇಕಾಗುತ್ತದೆ. ಸಿಗ್ನಲ್ ಹಿಡಿಯುವುದಷ್ಟೇ ಮಾಡುವ ಮಾಮೂಲಿ ಜಿಪಿಎಸ್‌ಗೆ ಈ ತಕರಾರಿಲ್ಲ.

ಹೆಜ್ಜೆ 3: ಬಿಸಿಲು, ಮಳೆ, ಗ್ಲೌಸ್

ಡಬ್ಬದ ಮೇಲೆ ಐಪಿ ಅಂತ ಒಂದು ಸಂಖ್ಯೆ ಇರುತ್ತದೆ. ಐಪಿ67 ಅಂದರೆ 6 ಧೂಳಿಗೆ, 7 ನೀರಿಗೆ. ಧೂಳು ಒಳಗೆ ಹೋಗಲ್ಲ, ಒಂದು ಮೀಟರ್ ನೀರಿನಲ್ಲಿ ಅರ್ಧ ಗಂಟೆ ಬಿದ್ದಿದ್ದರೂ ತಾಳುತ್ತದೆ. ಇದು ಉಳಿಯುತ್ತದೆಯೋ ಇಲ್ಲವೋ ಅನ್ನುವ ಪರೀಕ್ಷೆ ಮಾತ್ರ. ಒದ್ದೆಯಾದಾಗ ಸ್ಕ್ರೀನ್ ಹೇಳಿದ ಮಾತು ಕೇಳುತ್ತದಾ ಅನ್ನುವುದು ಬೇರೆ ಪರೀಕ್ಷೆ, ಅದನ್ನು ಯಾರೂ ಡಬ್ಬದ ಮೇಲೆ ಬರೆಯುವುದಿಲ್ಲ. ಅಂಗಡಿಯಲ್ಲೇ ಗ್ಲೌಸ್ ಹಾಕಿಕೊಂಡು, ಸ್ಕ್ರೀನಿಗೆ ನಾಲ್ಕು ಹನಿ ಚಿಮುಕಿಸಿ ನೋಡಿ. ಅಂಗಡಿಯವರು ಮುಖ ಸಿಂಡರಿಸಲಿ, ದುಡ್ಡು ನಿಮ್ಮದು.

ನಮ್ಮ ಕಡೆ ಮಳೆಗಿಂತ ಬಿಸಿಲಿನ ಕಾಟ ಜಾಸ್ತಿ. ಐಫೋನನ್ನು ಬಳಸಲು ಸೂಕ್ತ ಅಂತ ಕಂಪನಿ ಹೇಳುವುದು ಸುತ್ತಲಿನ ಬಿಸಿ 35 ಡಿಗ್ರಿ ತನಕ. ಏಪ್ರಿಲ್‌ನಲ್ಲಿ ಹೊಸಪೇಟೆ, ರಾಯಚೂರು ಕಡೆ ಹೋದರೆ ಮಧ್ಯಾಹ್ನದ ಊಟದ ಹೊತ್ತಿಗೇ ಆ ಗಡಿ ದಾಟಿರುತ್ತದೆ. ಬಿಸಿಯಾದ ಫೋನು ಮೊದಲು ಬೆಳಕು ತಗ್ಗಿಸುತ್ತದೆ, ಆಮೇಲೆ ಚಾರ್ಜ್ ನಿಲ್ಲಿಸುತ್ತದೆ, ಕೊನೆಗೆ ಮಲಗಿಬಿಡುತ್ತದೆ. ವೈರ್‌ಲೆಸ್ ಚಾರ್ಜ್ ಮಾಡುವ ಹೋಲ್ಡರ್ ಇನ್ನಷ್ಟು ಬಿಸಿ ಮಾಡುತ್ತದೆ. ಬೇಸಿಗೆಗೆ ವೈರೇ ವಾಸಿ. ಮಳೆಗಾಲದಲ್ಲಿ ಉಲ್ಟಾ: ಚಾರ್ಜಿಂಗ್ ತೂತಿಗೆ ನೀರು ಹೋದರೆ ಫೋನು ವೈರನ್ನು ಒಪ್ಪುವುದೇ ಇಲ್ಲ.

ಹೆಜ್ಜೆ 4: ಮ್ಯಾಪಿಗೆ ಬೈಕ್ ಅಂದರೇನು ಗೊತ್ತಿದೆಯೇ?

ಬೆಂಗಳೂರು-ಮೈಸೂರು ಎಕ್ಸ್‌ಪ್ರೆಸ್‌ವೇಯ ಮುಖ್ಯ ರಸ್ತೆಯಲ್ಲಿ 2023ರ ಆಗಸ್ಟ್ 1ರಿಂದ ದ್ವಿಚಕ್ರ ವಾಹನಕ್ಕೆ ಪ್ರವೇಶವಿಲ್ಲ, ಸರ್ವಿಸ್ ರಸ್ತೆಯಲ್ಲೇ ಹೋಗಬೇಕು. ಕಾರಿನ ಲೆಕ್ಕದಲ್ಲಿ ದಾರಿ ಹೇಳುವ ಸಾಧನ ನಿಮ್ಮನ್ನು ನೇರ ಮುಖ್ಯ ರಸ್ತೆಗೆ ಹತ್ತಿಸುತ್ತದೆ, ದಂಡ ಕಟ್ಟುವುದು ನೀವು. ಗೂಗಲ್ ಮ್ಯಾಪ್‌ನಲ್ಲಿ 2017ರಿಂದ ಬೈಕಿನ ಚಿತ್ರವೇ ಇದೆ, ಅದನ್ನು ಒತ್ತುವುದನ್ನು ಮರೆಯಬೇಡಿ. ಬಂಡೀಪುರದಲ್ಲಿ ರಾತ್ರಿ 9ರಿಂದ ಬೆಳಗ್ಗೆ 6ರವರೆಗೆ ಸಂಚಾರ ಬಂದ್. ಮ್ಯಾಪ್ ಹೇಳಲಿ ಬಿಡಲಿ, ಇಂಥವನ್ನು ಮೊದಲೇ ಬರೆದಿಟ್ಟುಕೊಳ್ಳಬೇಕು.

ಹೊರಡುವ ಹಿಂದಿನ ರಾತ್ರಿ ಆಫ್‌ಲೈನ್ ಮ್ಯಾಪ್ ಇಳಿಸಿಕೊಳ್ಳಿ. ನಾನು ಎರಡು ಇಟ್ಟುಕೊಳ್ಳುತ್ತೇನೆ. ಊರು, ಪೆಟ್ರೋಲ್ ಬಂಕ್, ಹೋಟೆಲ್ ಹುಡುಕಲು ಗೂಗಲ್. ಕಾಲುದಾರಿ, ಎಸ್ಟೇಟ್ ದಾರಿ ಗುರುತಿಸಲು ಓಪನ್‌ಸ್ಟ್ರೀಟ್‌ಮ್ಯಾಪ್ ಆಧಾರದ ಆರ್ಗಾನಿಕ್ ಮ್ಯಾಪ್ಸ್ ಅಥವಾ ಓಎಸ್‌ಎಂಆಂಡ್. ಒಂದು ಮ್ಯಾಪ್ ರಸ್ತೆ ಅಂದದ್ದನ್ನು ಇನ್ನೊಂದು ಕಾಲುದಾರಿ ಅಂದರೆ ನಿಂತು ಯಾರನ್ನಾದರೂ ಕೇಳಿ.

ಗುಂಪಿನಲ್ಲಿ ಹೋಗುವವರು ಜಿಪಿಎಕ್ಸ್ ಫೈಲ್ (ದಾರಿಯನ್ನು ಉಳಿಸಿ ಹಂಚುವ ಫೈಲ್) ಕಳಿಸಿಕೊಳ್ಳುತ್ತಾರೆ. ಇಲ್ಲಿ ಟ್ರ್ಯಾಕ್ ಬೇರೆ, ರೂಟ್ ಬೇರೆ. ಟ್ರ್ಯಾಕ್ ಅಂದರೆ ಯಾರೋ ನಡೆದ ಹೆಜ್ಜೆಗುರುತು, ಗೆರೆ ಎಲ್ಲಿ ತೆರೆದರೂ ಹಾಗೇ ಇರುತ್ತದೆ. ರೂಟ್ ಅಂದರೆ ಕೆಲವು ಊರುಗಳ ಪಟ್ಟಿ ಇದ್ದಂತೆ. ನಡುವಿನ ದಾರಿಯನ್ನು ನಿಮ್ಮ ಸಾಧನ ತನಗೆ ತೋಚಿದ ಹಾಗೆ ತುಂಬಿಕೊಳ್ಳುತ್ತದೆ. ಒಂದೇ ರೂಟ್ ಫೈಲ್ ಹಾಕಿಕೊಂಡ ನಾವು ಐವರಲ್ಲಿ ಮೂವರು ಕಳಸಕ್ಕೆ ಒಂದು ದಾರಿಯಲ್ಲಿ, ಇಬ್ಬರು ಇನ್ನೊಂದು ದಾರಿಯಲ್ಲಿ ಹೋಗಿ ಸೇರಿದ್ದೆವು. ಬೈದದ್ದು ಯಾರಿಗೆ ಅಂತ ಕೇಳಬೇಡಿ, ಫೈಲ್ ಕಳಿಸಿದವನು ನಾನು. ಹಂಚುವುದಾದರೆ ಟ್ರ್ಯಾಕ್ ಹಂಚಿ, ಕೊಳ್ಳುವ ಸಾಧನ ಟ್ರ್ಯಾಕ್ ತೆರೆದು ತೋರಿಸುತ್ತದಾ ಅಂತ ನೋಡಿಕೊಳ್ಳಿ.

ಹೆಜ್ಜೆ 5: ಸಿಕ್ಕಿಸುವುದು, ಕರೆಂಟ್ ಕೊಡುವುದು

ದುಡ್ಡು ಉಳಿಸಬಾರದ ಜಾಗ ಹೋಲ್ಡರ್. ಸ್ಪ್ರಿಂಗ್ ಮಾತ್ರ ಇರುವ ಅಗ್ಗದ್ದು ಮೊದಲ ದೊಡ್ಡ ಗುಂಡಿಯಲ್ಲೇ ಫೋನನ್ನು ಉಗುಳುತ್ತದೆ. ಲೋಹದ ಹಿಡಿಕೆ, ತಿರುಗಿಸಿ ಬಿಗಿ ಮಾಡುವ ಉಗುರುಗಳು, ಜೊತೆಗೆ ನಡುಕ ತಗ್ಗಿಸುವ ರಬ್ಬರ್ ಇರಲಿ. ಮೀಟರ್ ಮುಚ್ಚದಂತೆ, ಆದಷ್ಟೂ ಎತ್ತರದಲ್ಲಿ ಸಿಕ್ಕಿಸಿ. 60 ಕಿಲೋಮೀಟರ್ ವೇಗದಲ್ಲಿ ಎರಡು ಸೆಕೆಂಡ್ ತಲೆ ತಗ್ಗಿಸಿದರೆ ಅಷ್ಟರಲ್ಲಿ ಬೈಕು 33 ಮೀಟರ್ ಹೋಗಿರುತ್ತದೆ. ಕಾನೂನು ಕೂಡ ಇದನ್ನೇ ಹೇಳುತ್ತದೆ. ಓಡಿಸುವಾಗ ಕೈಯಲ್ಲಿ ಹಿಡಿಯುವ ಫೋನನ್ನು ದಾರಿ ನೋಡಲು ಮಾತ್ರ, ಅದೂ ಗಮನ ಕೆಡದಂತೆ ಬಳಸಬೇಕು ಅನ್ನುವ ನಿಯಮ 2020ರ ಅಕ್ಟೋಬರ್ 1ರಿಂದ ಇದೆ. ಹೆಲ್ಮೆಟ್ಟಿಗೆ ಬ್ಲೂಟೂತ್ ಹಾಕಿಸಿಕೊಂಡರೆ ಸ್ಕ್ರೀನ್ ನೋಡುವ ಕೆಲಸವೇ ಅರ್ಧ ಕಡಿಮೆ. ಗೂಗಲ್ ಕನ್ನಡದಲ್ಲೂ ದಾರಿ ಹೇಳುತ್ತದೆ. ಊರ ಹೆಸರುಗಳನ್ನು ಅದು ಹೇಳುವ ರೀತಿ ಕೇಳುವುದು ಒಂದು ಮಜ.

ಚಾರ್ಜರ್‌ಗೆ ಕರೆಂಟನ್ನು ಇಗ್ನಿಷನ್ ಆನ್ ಆದಾಗ ಮಾತ್ರ ಜೀವ ಬರುವ ವೈರಿನಿಂದ ತೆಗೆಸಿ. ನೇರ ಬ್ಯಾಟರಿಗೆ ಕೊಟ್ಟು ಮರೆತರೆ ಕೆಲವು ದಿನ ಬಿಟ್ಟು ಬೈಕ್ ಸ್ಟಾರ್ಟ್ ಆಗದೇ ಹೋಗಬಹುದು. 5 ವೋಲ್ಟ್, 3 ಆಂಪಿಯರ್ ಚಾರ್ಜರ್ ಅಂದರೆ 15 ವ್ಯಾಟ್. 12 ವೋಲ್ಟ್ ಬೈಕಿನಿಂದ ಅದು ಎಳೆಯುವುದು ಸುಮಾರು ಒಂದೂಕಾಲು ಆಂಪಿಯರ್. ಅದಕ್ಕೆ 3 ಆಂಪಿಯರ್ ಫ್ಯೂಸ್ ಸಾಕು. ‘ಫ್ಯೂಸ್ ಯಾಕೆ ಸಾರ್, ಏನೂ ಆಗಲ್ಲ’ ಅನ್ನುವ ಮೆಕ್ಯಾನಿಕ್ ಸಿಕ್ಕರೆ ನಕ್ಕು ಬೇರೆಯವರ ಹತ್ತಿರ ಹೋಗಿ. ಹೊಸ ಬೈಕಾದರೆ ವೈರ್ ಕತ್ತರಿಸಲು ಬಿಡಬೇಡಿ, ವಾರಂಟಿಗೆ ಕುತ್ತು. ಬಿಡಿ ಸಾಧನಗಳಿಗೆ ಅಂತಲೇ ಕಂಪನಿ ಕೊಟ್ಟ ಕನೆಕ್ಟರ್ ಇದೆಯಾ ಕೇಳಿ. ಎಲ್ಲ ಮುಗಿದ ಮೇಲೆ ಹ್ಯಾಂಡಲನ್ನು ಎಡಕ್ಕೂ ಬಲಕ್ಕೂ ಪೂರ್ತಿ ತಿರುಗಿಸಿ, ವೈರ್ ಎಳೆದಂತಾಗುತ್ತದಾ ನೋಡಿ.

ಹೆಜ್ಜೆ 6: ಭಾನುವಾರದ ಪರೀಕ್ಷೆ

ದೊಡ್ಡ ಟೂರಿಗೆ ಮುಂಚೆ ಒಂದು ಭಾನುವಾರ ಮೊಬೈಲ್ ಡೇಟಾ ಆಫ್ ಮಾಡಿ, ದಾರಿ ಗೊತ್ತಿರುವ ಊರಿಗೇ ಹೋಗಿ ಬನ್ನಿ. ಬೇಕಂತಲೇ ಒಂದು ತಿರುವು ತಪ್ಪಿಸಿ. ಸಾಧನ ಎಷ್ಟು ಬೇಗ ಸುಧಾರಿಸಿಕೊಳ್ಳುತ್ತದೆ ನೋಡಿ. ಮಧ್ಯಾಹ್ನದ ಬಿಸಿಲಲ್ಲಿ ಅಕ್ಷರ ಕಾಣುತ್ತದಾ, ವಾಪಸ್ ಬರುವಾಗ ಚಾರ್ಜ್ ಏರಿದೆಯಾ ಇಳಿದಿದೆಯಾ, ಕತ್ತಲಲ್ಲಿ ಸ್ಕ್ರೀನಿನ ಬೆಳಕು ಕಣ್ಣು ಕುಕ್ಕುತ್ತದಾ ಗಮನಿಸಿ. ಸರಿಯಾಗದಿದ್ದರೆ ವಾಪಸ್ ಕೊಡಲು ಬಿಲ್ ಇಟ್ಟುಕೊಂಡಿರಿ.

ಇಷ್ಟೆಲ್ಲ ಆದ ಮೇಲೂ ನನ್ನ ಟ್ಯಾಂಕಿನ ಮೇಲೆ ಒಂದು ತುಂಡು ಬಿಳಿ ಟೇಪ್ ಇರುತ್ತದೆ. ಅದರ ಮೇಲೆ ಪೆನ್ನಿನಲ್ಲಿ: ಹಾಸನ, ಬೇಲೂರು, ಮೂಡಿಗೆರೆ, ಕೊಟ್ಟಿಗೆಹಾರ, ಉಜಿರೆ.