ಚೆಂಡು ಬಾರದ ಹೊತ್ತಿನಲ್ಲೂ ಓಟ

ಮೈಸೂರಿನಲ್ಲಿ ಕ್ರಿಕೆಟ್ ಆಡುವಾಗ ಬೌಂಡರಿ ಗೆರೆಯೇ ನನ್ನ ಜಾಗವಾಗಿತ್ತು. ಸಿಯಾಟಲ್‌ಗೆ ಬಂದು ಹವ್ಯಾಸಿ ಬೇಸ್‌ಬಾಲ್ ತಂಡ ಸೇರಿದಾಗ ಅದೇ ಕಾರಣಕ್ಕೆ ರೈಟ್ ಫೀಲ್ಡ್‌ನಲ್ಲಿ, ಅಂದರೆ ಮೈದಾನದ ಹೊರಭಾಗದ ಬಲಬದಿಯಲ್ಲಿ, ನಿಲ್ಲಿಸಿದರು. ಕ್ಯಾಚ್ ಹಿಡಿಯುವುದು ಸಲೀಸಾಗಿತ್ತು. ಬರಿಗೈಯಲ್ಲಿ ಹಿಡಿದು ಬೆರಳು ಊದಿಸಿಕೊಂಡವನಿಗೆ ಚರ್ಮದ ಗ್ಲೌಸ್ ಎಂದರೆ ಭೋಗ. ಉಳಿದುದನ್ನೆಲ್ಲ ಕಲಿತದ್ದು ಬೇಸ್‌ಬಾಲ್ ಆಟಗಾರ ಇಚಿರೊ ಸುಜುಕಿ ಅವರನ್ನು ನೋಡಿ.

ಇಚಿರೊ 2001ರಲ್ಲಿ ಜಪಾನಿನ ಒರಿಕ್ಸ್ ಬ್ಲೂವೇವ್ ತಂಡ ಬಿಟ್ಟು ಸಿಯಾಟಲ್ ಮ್ಯಾರಿನರ್ಸ್ ಸೇರಿದರು. ಮೊದಲ ವರ್ಷವೇ 242 ಹಿಟ್; ಹಿಟ್ ಎಂದರೆ ಚೆಂಡು ಹೊಡೆದು, ಔಟಾಗದೆ, ಬೇಸ್ ಎಂಬ ಓಟದ ನಿಲುಗಡೆಯನ್ನು ತಲುಪುವುದು. 2004ರಲ್ಲಿ 262 ಹಿಟ್ ಬಾರಿಸಿ, ಜಾರ್ಜ್ ಸಿಸ್ಲರ್ 1920ರಲ್ಲಿ ಮಾಡಿದ್ದ 257ರ ದಾಖಲೆ ಮುರಿದರು. ಊರೆಲ್ಲ ಅವರ ಬ್ಯಾಟಿಂಗ್ ಹೊಗಳುತ್ತಿತ್ತು. ನನಗೆ ಬೇಕಿದ್ದುದು ಬೇರೆ: 2001ರಿಂದ 2010ರವರೆಗೆ ಪ್ರತಿ ವರ್ಷವೂ ಉತ್ತಮ ಫೀಲ್ಡಿಂಗ್‌ಗೆ ಕೊಡುವ ಗೋಲ್ಡ್ ಗ್ಲವ್ ಪ್ರಶಸ್ತಿ ಪಡೆದ ಫೀಲ್ಡರ್. ಹಾಗಾಗಿ ರೈಟ್ ಫೀಲ್ಡ್ ಹಿಂದಿನ ಆಸನಗಳಿಗೇ ಟಿಕೆಟ್ ಕೊಂಡು, ಅವರ ಕಾಲುಗಳನ್ನಷ್ಟೇ ನೋಡುತ್ತಾ ಕೂರುತ್ತಿದ್ದೆ. ಇದು ದುಡ್ಡು ದಂಡ ಎಂಬುದು ನನ್ನ ಹೆಂಡತಿಯ ದೃಢ ಅಭಿಪ್ರಾಯ.

ಎರಡು ಎಸೆತಗಳ ನಡುವೆ ಇಚಿರೊ ಸುಮ್ಮನೆ ನಿಲ್ಲುತ್ತಿರಲಿಲ್ಲ. ಬಾಗುವುದು, ತೊಡೆ ಎಳೆಯುವುದು, ಭುಜ ತಿರುಗಿಸುವುದು. ಬ್ಯಾಟರ್ ನೆಲದ ಮೇಲೆ ಹೊಡೆದ ಚೆಂಡನ್ನು ಒಳ ಆವರಣದವರು ಎತ್ತಿ ಮೊದಲ ಬೇಸ್‌ಗೆ ಎಸೆಯುವಷ್ಟರಲ್ಲಿ ಇವರು ಆ ಬೇಸ್‌ನ ಹಿಂಬದಿಗೆ ಓಡಿರುತ್ತಿದ್ದರು. ಎಸೆತ ತಪ್ಪಿದರೆ ತಡೆಯಲು. ತಪ್ಪುವುದು ಅಪರೂಪ. ಆದರೂ ಓಟ, ಮರಳಿ ನಡಿಗೆ. ಈ ಓಟ ಯಾವ ಅಂಕಪಟ್ಟಿಗೂ ಸೇರುವುದಿಲ್ಲ. ಔಟ್‌ಫೀಲ್ಡರ್‌ನ ಕಸುಬು ಇದೇ ಎಂದು ನನಗೆ ಅನಿಸಿದ್ದು ಅಲ್ಲಿ ಕುಳಿತಾಗಲೇ.

ಕ್ರಿಕೆಟ್‌ನಲ್ಲಿ ಗೆರೆಯ ಮೇಲೆ ನಿಂತವನ ತಲೆ ದಾಟಿದ ಚೆಂಡು ಸಿಕ್ಸರ್; ಅವನ ಜವಾಬ್ದಾರಿ ಮುಗಿಯಿತು. ಇಲ್ಲಿ ಬೆನ್ನ ಹಿಂದೆ ಇನ್ನೂ ಮೈದಾನವಿರುತ್ತದೆ. ತಲೆ ದಾಟಿದ ಚೆಂಡು ಗೋಡೆಯವರೆಗೆ ಉರುಳಿದರೆ ಓಟಗಾರರು ಎರಡು ಮೂರು ಬೇಸ್ ದೋಚುತ್ತಾರೆ. ಆದ್ದರಿಂದ ಮೊದಲ ಹೆಜ್ಜೆ ಹಿಂದಕ್ಕೆ: ಚೆಂಡು ಬಲ ಭುಜದ ಕಡೆಗಿದ್ದರೆ ಬಲಗಾಲನ್ನು ಹಿಂದಕ್ಕೆ ತೆಗೆದು, ಸೊಂಟ ಹೊರಳಿಸಿ ಓಡಬೇಕು. ಮುಖ ಮುಂದಿಟ್ಟುಕೊಂಡೇ ಹಿಂದೆ ಹಿಂದೆ ಹೆಜ್ಜೆ ಹಾಕಿದರೆ ತಲೆ ಅಲುಗಿ, ಚೆಂಡು ಗಾಳಿಯಲ್ಲಿ ಕುಣಿದಂತೆ ಕಾಣುತ್ತದೆ. ಗೆಳೆಯನೊಬ್ಬ ತಲೆಯ ಮೇಲೆ ಟೆನಿಸ್ ಚೆಂಡು ಎಸೆಯುತ್ತಾ ಹೋದ, ನಾನು ಹೊರಳಿ ಓಡುತ್ತಾ ಹೋದೆ. ಎಲ್ಲಕ್ಕಿಂತ ಕಷ್ಟದ್ದು ನೇರ ನಮ್ಮತ್ತಲೇ ಬರುವ ಚೆಂಡು. ಪಕ್ಕದಿಂದ ನೋಡದ ಹೊರತು ಅದರ ದೂರ ತಿಳಿಯುವುದಿಲ್ಲ.

ಎಸೆತಕ್ಕೆ ಇನ್ನೂ ಹೆಚ್ಚು ಹೊತ್ತು ಕೊಟ್ಟೆ. ಗ್ಲೌಸ್‌ನಿಂದ ತೆಗೆಯುವಾಗಲೇ, ಕಣ್ಣು ಹಾಯಿಸದೆ, ಎರಡು ಬೆರಳು ಹೊಲಿಗೆಗೆ ಅಡ್ಡಲಾಗಿ ಕೂರಬೇಕು. ಹೊಲಿಗೆಯ ಉದ್ದಕ್ಕೆ ಕೂತರೆ ಚೆಂಡು ಪಕ್ಕಕ್ಕೆ ವಾಲುತ್ತದೆ. ಟಿವಿ ನೋಡುವಾಗ ಚೆಂಡನ್ನು ಗ್ಲೌಸ್‌ಗೆ ಹಾಕಿ ತೆಗೆಯುತ್ತಾ ಕೂತೇ ಇದು ಕೈಗೆ ಹತ್ತಿತು. ಕ್ಯಾಚ್ ಆದೊಡನೆ ಓಡಿ ರನ್ ಗಳಿಸಲು ಮೂರನೇ ಬೇಸ್‌ನಲ್ಲಿ ಓಟಗಾರ ಕಾದಿದ್ದರೆ ಚೆಂಡು ಬೀಳುವ ಜಾಗಕ್ಕಿಂತ ಕೆಲವು ಹೆಜ್ಜೆ ಹಿಂದೆ ನಿಂತು, ಮುನ್ನುಗ್ಗುತ್ತಾ ಹಿಡಿದು, ಒಂದು ಪುಟ್ಟ ಜಿಗಿತದೊಡನೆ ಎಸೆಯಬೇಕು. ನಡುವೆ ನಿಂತ ಜೊತೆಗಾರನ ತಲೆಯೆತ್ತರಕ್ಕೆ ಎಸೆದರೆ ಬೇಕಾದಾಗ ಆತ ಅದನ್ನು ತಡೆದು ಬೇರೆಡೆಗೆ ತಿರುಗಿಸಬಲ್ಲ. ಕ್ರಿಕೆಟಿಗನ ಅಹಂಕಾರಕ್ಕೆ ಇದು ಕಹಿ. ನಮಗೆ ನೇರ ಸ್ಟಂಪ್‌ಗೇ ಹೊಡೆಯಬೇಕು.

11 ಏಪ್ರಿಲ್ 2001ರಂದು ಓಕ್ಲೆಂಡ್‌ನಲ್ಲಿ ಇಚಿರೊ ಯಾರ ನೆರವೂ ಇಲ್ಲದೆ ನೇರ ಮೂರನೇ ಬೇಸ್‌ಗೆ ಎಸೆದು ಟೆರೆನ್ಸ್ ಲಾಂಗ್ ಅವರನ್ನು ಔಟ್ ಮಾಡಿದರು. ನೆಲ ಮುಟ್ಟದೆ, ಹೆಚ್ಚು ಎತ್ತರಕ್ಕೂ ಏರದೆ ಹೋದ ಆ ಚೆಂಡಿನ ವಿಡಿಯೊ ನೋಡಿ ನಮ್ಮ ತಂಡದಲ್ಲಿ ಭುಜ ನೋಯಿಸಿಕೊಂಡವರು ಇದ್ದಾರೆ. ನಾನು ಅನುಕರಿಸಿದ್ದು ಆ ಎಸೆತವನ್ನಲ್ಲ, ಅದರ ಹಿಂದಿನ ಓಟವನ್ನು: ಚೆಂಡಿಗಾಗಿ ಕಾಯದೆ ಅದರತ್ತ ನುಗ್ಗಿದ್ದರಿಂದಲೇ ಆ ವೇಗ ಸಿಕ್ಕಿತ್ತು.

ಇಚಿರೊ 45ನೆಯ ವಯಸ್ಸಿನಲ್ಲಿ, 2019ರ ಮಾರ್ಚ್‌ನಲ್ಲಿ, ಟೋಕಿಯೊದಲ್ಲಿ ನಿವೃತ್ತರಾದರು. ನನ್ನ ಭುಜ ಅಷ್ಟು ಬಾಳಲಿಲ್ಲ. ಈಗ ಲೆಫ್ಟ್ ಫೀಲ್ಡ್‌ನಲ್ಲಿದ್ದೇನೆ. ಅಲ್ಲಿಂದ ಮೂರನೇ ಬೇಸ್ ಹತ್ತಿರ.