ಡಯಾಲಿಸಿಸ್ ಬೆಡ್ಡಿನ ಪಕ್ಕ ಸ್ಟೂಲ್ ಹಾಕಿ ಕೂತದ್ದು

ಉಡುಪಿಯಲ್ಲಿ ಒಂದು ಆಸ್ಪತ್ರೆಯ ಡಯಾಲಿಸಿಸ್ ಯೂನಿಟ್ಟಿನಲ್ಲಿ ನಾನು ನರ್ಸ್. ನಮ್ಮಲ್ಲಿಗೆ ಬರುವವರು ವಾರಕ್ಕೆ ಎರಡು ಸಲವೋ ಮೂರು ಸಲವೋ ಬಂದು ಪ್ರತಿ ಸಲ ನಾಲ್ಕು ಗಂಟೆ ಮಲಗಿರ್ತಾರೆ, ವರ್ಷಗಟ್ಟಲೆ. ಮಗಳ ಮದುವೆ ಯಾವಾಗ, ಮನೆಯ ದನ ಕರು ಹಾಕಿತಾ, ಎಲ್ಲ ನಮಗೆ ಗೊತ್ತಿರ್ತದೆ. ಆದ್ರೂ ಅವರ ಮನಸ್ಸಲ್ಲಿ ಎಂತ ಉಂಟು ಅಂತ ಕೇಳ್ಲಿಕ್ಕೆ ಕಲಿಯುವಾಗ ನನಗೆ ಸುಮಾರು ವರ್ಷ ಆಗಿತ್ತು.

ಮಲ್ಪೆ ಕಡೆಯ ಒಬ್ರು ಅಣ್ಣ ಬರ್ತಿದ್ರು, ಗುರುತು ಸಿಗದ ಹಾಗೆ ಸ್ವಲ್ಪ ಬದಲಿಸಿ ಹೇಳ್ತಿದ್ದೇನೆ. ಬೋಟಿನಲ್ಲಿ ತಾಂಡೇಲ, ಅಂದ್ರೆ ಬೋಟು ನಡೆಸುವವರು ಆಗಿದ್ದವರು, ಕಿಡ್ನಿ ಹೋದ ಮೇಲೆ ಸಮುದ್ರಕ್ಕೆ ಹೋಗುದು ನಿಂತಿತು. ಪ್ರತಿ ಸಲ ಮೈಯಲ್ಲಿ ನಾಲ್ಕು ಕೆಜಿ ನೀರು ತುಂಬಿಸಿಕೊಂಡೇ ಬರುದು. ಒಂದು ದಿನ ನಾನು ತೂಕದ ಮೆಷಿನ್ ಹತ್ರ ನಿಂತು ಎಲ್ಲರ ಎದುರೇ ಜೋರು ಮಾಡಿದೆ, ಎಷ್ಟು ಸಲ ಹೇಳುದು ನಿಮಗೆ, ಗಂಜಿ ತಿಳಿ ಕುಡಿಬೇಡಿ, ಬೊಂಡ (ಎಳನೀರು) ಮುಟ್ಲೇಬೇಡಿ ಅಂತ. ಅವರು ತಲೆ ಬಗ್ಗಿಸಿ ಹೋಗಿ ಮಲಗಿದ್ರು. ಆಮೇಲೆ ಎರಡು ಡಯಾಲಿಸಿಸ್‌ಗೆ ಬರ್ಲೇ ಇಲ್ಲ. ಆ ಎರಡು ದಿನ ಖಾಲಿ ಬೆಡ್ ನೋಡುವಾಗ ನನಗಾದ ಸಂಕಟ ಈಗಲೂ ನೆನಪುಂಟು.

ಮೂರನೇ ಸಲ ಬಂದ್ರು, ಕಾಲೆಲ್ಲ ಬೀಗಿ, ಏದುಸಿರು ಬಿಡ್ತಾ. ಎಡಗೈಯ ಫಿಸ್ಟುಲಾ (ಡಯಾಲಿಸಿಸ್ ಸೂಜಿ ಚುಚ್ಲಿಕ್ಕೆ ಆಪರೇಶನ್ ಮಾಡಿ ಜೋಡಿಸಿದ ರಕ್ತನಾಳ) ಮೇಲೆ ಬೆರಳಿಟ್ಟು ಅದು ಝುಮ್ ಝುಮ್ ಅಂತ ಹರಿಯುದನ್ನು ನೋಡಿ, ಎರಡು ಸೂಜಿ ಚುಚ್ಚಿ, ಉಸಿರು, ಬಿಪಿ ಎಲ್ಲ ಒಂದು ಹದಕ್ಕೆ ಬಂದ ಮೇಲೆ ಸ್ಟೂಲ್ ಎಳೆದು ಕೂತೆ. ಇದೇ ನಾವು ಮಾಡದ ಕೆಲಸ. ನಿಂತುಕೊಂಡೇ, ಕಣ್ಣು ಮೆಷಿನ್ ಮೇಲೆ ಇಟ್ಟು "ಹೇಗಿದ್ದೀರಿ" ಅಂತ ಕೇಳ್ತೇವೆ, ಅವರು "ಹುಷಾರು" ಅಂತಾರೆ, ಅಲ್ಲಿಗೆ ಮುಗೀತು. ಅವತ್ತು ತುಳುವಲ್ಲಿ "ಎಂಚ ಉಲ್ಲರ್ ಅಣ್ಣ, ಬೇಜಾರ್ ಉಂಡಾ?" (ಹೇಗಿದ್ದೀರಿ ಅಣ್ಣ, ಬೇಜಾರು ಉಂಟಾ?) ಅಂತ ಕೇಳಿ ಸುಮ್ಮನೆ ಕೂತೆ. ತುಂಬ ಹೊತ್ತು ಮಾತೇ ಇಲ್ಲ. ಮತ್ತೆ ಹೇಳಿದ್ರು, "ಜೂನ್ 1ರಿಂದ ಜುಲೈ 31ರ ತನಕ ಟ್ರಾಲಿಂಗ್ ಮೀನುಗಾರಿಕೆ ಬಂದ್ ಅಲ್ವಾ ಸಿಸ್ಟರ್, ಆಗ ಎಲ್ರೂ ದಡದಲ್ಲೇ ಇರ್ತಾರೆ, ನಾನೂ ಅವರ ಹಾಗೇ. ಆಗಸ್ಟಿನಲ್ಲಿ ಬೋಟು ಹೋದ ಮೇಲೆ ಉಳಿಯುದು ನಾನೊಬ್ಬನೇ."

ನನ್ನ ಎದೆ ಹೊಡ್ಕೊಳ್ತಿತ್ತು, ಆದ್ರೂ ನೇರ ಕೇಳಿದೆ, "ಸಾಯ್ಬೇಕು ಅಂತ ಯೋಚನೆ ಬರ್ತದಾ ಅಣ್ಣ?" ಕೇಳಿದ್ರೆ ಇಲ್ಲದ ಯೋಚನೆಯನ್ನು ನಾವೇ ತಲೆಗೆ ಹಾಕಿದ ಹಾಗೆ ಆಗ್ತದೆ ಅಂತ ನಮ್ಮಲ್ಲೇ ತುಂಬ ಜನ ಹೆದರ್ತಾರೆ, ಅದು ತಪ್ಪು, ಕೇಳುದರಿಂದ ಆ ಯೋಚನೆ ಹುಟ್ಟುದಿಲ್ಲ, ಒಳಗೇ ಇಟ್ಟುಕೊಂಡವರಿಗೆ ಹೇಳ್ಲಿಕ್ಕೆ ಒಂದು ದಾರಿ ಆಗ್ತದೆ. ಅವರು "ಬರ್ತದೆ" ಅಂದ್ರು, ಕಣ್ಣು ಒರೆಸಿಕೊಂಡ್ರು. ಯಾರಿಗೂ ಹೇಳ್ಬೇಡಿ ಅಂದಾಗ ನಾನು ಆಯ್ತು ಅಂತ ಒಪ್ಪಲಿಲ್ಲ. "ಡಾಕ್ಟರಿಗೆ ಹೇಳ್ಲೇಬೇಕು ಅಣ್ಣ, ನಿಮ್ಮ ಎದುರೇ ಹೇಳ್ತೇನೆ" ಅಂದೆ. ಅವತ್ತೇ ಸೈಕಿಯಾಟ್ರಿ ಡಾಕ್ಟರ್ ಬಂದು ನೋಡಿದ್ರು, ಹೆಂಡತಿಯನ್ನು ಕರೆಸಿ ಮಾತಾಡಿದ ಮೇಲೆಯೇ ಮನೆಗೆ ಬಿಟ್ಟದ್ದು. ರಾತ್ರಿ ಹೊತ್ತು ಕಷ್ಟ ಆದ್ರೆ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್‌ನ ನಂಬರ್ 14416 ಇಬ್ಬರ ಫೋನಿಗೂ ನಾನೇ ಸೇವ್ ಮಾಡಿ ಕೊಟ್ಟೆ, ಅದು ಫ್ರೀ, 24 ಗಂಟೆಯೂ ಉಂಟು, ಕನ್ನಡದಲ್ಲೇ ಮಾತಾಡ್ಬಹುದು.

ಡಿಪ್ರೆಶನ್ ನೋಡ್ಲಿಕ್ಕೆ ಪಿಎಚ್‌ಕ್ಯೂ-9 ಅಂತ ಒಂಬತ್ತು ಪ್ರಶ್ನೆಯ ಫಾರ್ಮ್ ಉಂಟು, ಒಟ್ಟು 27 ಅಂಕ. ಒಳ್ಳೆಯದೇ, ಆದ್ರೆ ನಮ್ಮ ಪೇಶೆಂಟ್‌ಗಳಿಗೆ ಸುಸ್ತು, ನಿದ್ದೆ ಇಲ್ಲ, ಹಸಿವಿಲ್ಲ ಇದೆಲ್ಲ ಕಿಡ್ನಿ ಕಾಯಿಲೆಯಿಂದಲೂ ಬರ್ತದೆ, ಹಾಗಾಗಿ ಬರೀ ಒಟ್ಟು ಅಂಕ ನೋಡಿದ್ರೆ ಎಡವಟ್ಟಾಗ್ತದೆ. ನಾನು ಹೆಚ್ಚು ಗಮನ ಕೊಡುದು ಮೊದಲ ಎರಡಕ್ಕೆ, ಆಸಕ್ತಿ ಹೋಗಿದೆಯಾ, ಮನಸ್ಸು ಕುಗ್ಗಿದೆಯಾ ಅಂತ, ಮತ್ತೆ ಸಾವಿನ ಯೋಚನೆಯ ಒಂಬತ್ತನೇದಕ್ಕೆ. ಒಂಬತ್ತನೇದಕ್ಕೆ ಸೊನ್ನೆ ಬಿಟ್ಟು ಬೇರೆ ಏನು ಬಂದ್ರೂ ಅವತ್ತೇ ಡಾಕ್ಟರಿಗೆ ಹೇಳ್ತೇನೆ, ನಾಳೆಗೆ ಅಂತ ಇಡುದಿಲ್ಲ.

ಇನ್ನೊಂದು, ಹ್ಯಾಂಡೋವರ್, ಅಂದ್ರೆ ಶಿಫ್ಟ್ ಬದಲಾಗುವಾಗ ಬರೆದಿಡುವ ವಿವರ. ಮುಂಚೆ "ಪೇಶೆಂಟ್ ಡಲ್" ಅಂತ ಬರೆದು ಬಿಡ್ತಿದ್ದೆ, ಅದರಿಂದ ಮುಂದಿನ ಶಿಫ್ಟಿನವರಿಗೆ ಎಂತದೂ ಗೊತ್ತಾಗುದಿಲ್ಲ. ಈಗ ಅವರು ಹೇಳಿದ ಮಾತನ್ನೇ ಬರೀತೇನೆ, ಉಳಿಯುದು ನಾನೊಬ್ಬನೇ ಅಂದ್ರು ಅಂತ. ಅದನ್ನು ಓದಿ ಮಧ್ಯಾಹ್ನದ ಶಿಫ್ಟಿನ ಬ್ರದರ್ (ಗಂಡು ನರ್ಸ್) ಒಬ್ಬ ಅವರು ಬಂದಾಗಲೆಲ್ಲ ಅವರ ಹತ್ರ ಮೀನಿನ ರೇಟು ಕೇಳ್ಲಿಕ್ಕೆ ಶುರು ಮಾಡಿದ, ಯಾವ ಮೀನು ಎಲ್ಲಿ ಬೀಳ್ತದೆ ಅಂತೆಲ್ಲ. ಸೈಕಿಯಾಟ್ರಿ ಡಾಕ್ಟರ್ ಕೊಟ್ಟ ಮಾತ್ರೆ ಹಿಡಿಯುವಾಗ ವಾರಗಟ್ಟಲೆ ಬೇಕಾಯ್ತು, ಅಷ್ಟು ದಿನ ಅವರನ್ನು ದಾಟಿಸಿದ್ದರಲ್ಲಿ ಆ ಮಾತುಕತೆಗೂ ಪಾಲುಂಟು ಅಂತ ನಾನು ನಂಬ್ತೇನೆ.

ತೂಕಕ್ಕೆ ಈಗ ಯಾರನ್ನೂ ಎಲ್ಲರ ಎದುರು ಬೈಯುದಿಲ್ಲ. ಹೋದ ವಾರ ಆ ಅಣ್ಣ ಮೆಷಿನ್ ಹತ್ತುವ ಮೊದಲೇ ನನ್ನ ಹತ್ರ ಬಂದು, "ಸಿಸ್ಟರ್, ನಿನ್ನೆ ಒಂದು ಬೊಂಡ ಕುಡಿದೆ, ಡಾಕ್ಟರಿಗೆ ನಾನೇ ಹೇಳ್ತೇನೆ" ಅಂದ್ರು. ಬೊಂಡದಲ್ಲಿ ಪೊಟ್ಯಾಶಿಯಂ ಜಾಸ್ತಿ, ಕಿಡ್ನಿ ಹೋದವರಿಗೆ ಅದು ಅಪಾಯ, ಹಾಗಾಗಿ ನಾನು ಪೊಟ್ಯಾಶಿಯಂ ಟೆಸ್ಟಿಗೆ ರಕ್ತ ತೆಗೆದು ಸ್ಟೂಲ್ ಎಳೆದೆ.