ತಾರಸಿಯಲ್ಲೇ ಮಳೆ ಹಿಡಿಯುವ ಹಸಿರು ಹಾಸು

ಬೆಂಗಳೂರಿನಲ್ಲಿ ಸಂಜೆ ಜೋರು ಮಳೆ ಬಂದರೆ ಸಾಕು, ಅಂಡರ್‌ಪಾಸ್‌ಗಳು ತುಂಬುತ್ತವೆ. ಆ ನೀರಿನಲ್ಲಿ ನಮ್ಮ ನಮ್ಮ ತಾರಸಿಗಳ ಪಾಲೂ ಇದೆ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಮಳೆ ಬಿದ್ದರೆ ಒಂದು ಲೀಟರ್ ನೀರು. ಸಾವಿರ ಚದರ ಅಡಿಯ ತಾರಸಿಯಿಂದ 50 ಮಿ.ಮೀ. ಮಳೆಗೆ 4,600 ಲೀಟರ್ ಮೋರಿಗೆ ಇಳಿಯುತ್ತದೆ, ಅದೂ ಅಕ್ಕಪಕ್ಕದ ಮನೆಗಳ ನೀರಿನ ಜೊತೆಗೇ. ತಾರಸಿಗೆ ಹಸಿರು ಹಾಸಿದರೆ, ಅಂದರೆ ತೆಳು ಮಣ್ಣಿನ ಪದರ ಹರಡಿ ಗಿಡ ಬೆಳೆಸಿದರೆ, ಇದರಲ್ಲಿ ಒಂದಷ್ಟು ಮೇಲೆಯೇ ಉಳಿಯುತ್ತದೆ, ಮಿಕ್ಕಿದ್ದು ತಡವಾಗಿ ಇಳಿಯುತ್ತದೆ.

ಹೆಚ್ಚಿನವರು ಗಿಡದಿಂದ ಶುರು ಮಾಡುತ್ತಾರೆ. ಶುರು ಮಾಡಬೇಕಾದದ್ದು ಭಾರದಿಂದ. ಓಡಾಡುವ ತಾರಸಿಯ ಮೇಲೆ ಬೀಳುವ ಭಾರ ಚದರ ಮೀಟರಿಗೆ 150 ಕಿಲೋ ಎಂಬುದು ಕಟ್ಟಡಗಳ ಭಾರಕ್ಕೆ ಸಂಬಂಧಿಸಿದ ಭಾರತೀಯ ಮಾನಕ ಐಎಸ್ 875ರ ಲೆಕ್ಕ. ಹತ್ತು ಸೆಂ.ಮೀ. ದಪ್ಪದ ಕೆಂಪು ಮಣ್ಣು ನೆನೆದರೆ ಅದೊಂದೇ ಚದರ ಮೀಟರಿಗೆ ಸುಮಾರು 190 ಕಿಲೋ ತೂಗುತ್ತದೆ! ಆದ್ದರಿಂದ ಒಂದು ಪಾಲು ಮಣ್ಣು, ಎರಡು ಪಾಲು ಕೋಕೊಪೀಟ್ (ತೆಂಗಿನ ನಾರಿನ ಪುಡಿ), ಒಂದು ಪಾಲು ಪರ್ಲೈಟ್ (ಹಗುರವಾದ ಬಿಳಿ ಖನಿಜದ ಹರಳು), ಜೊತೆಗೆ ಸ್ವಲ್ಪ ಎರೆಗೊಬ್ಬರ ಬೆರೆಸಿ. ಈ ಮಿಶ್ರಣವನ್ನು ತಳಕ್ಕೆ ತೂತು ಕೊರೆದ ಹತ್ತು ಲೀಟರಿನ ಬಕೆಟ್ಟಿಗೆ ತುಂಬಿ, ಚೆನ್ನಾಗಿ ನೆನೆಸಿ, ನೀರು ಬಸಿದ ಮೇಲೆ ತೂಗಿ. ಒಂದು ಚದರ ಮೀಟರಿಗೆ ಹತ್ತು ಸೆಂ.ಮೀ. ಹರಡಲು ಇಂಥ ಹತ್ತು ಬಕೆಟ್ ಬೇಕು. ಬಕೆಟ್ಟಿನೊಳಗಿನ ಮಿಶ್ರಣ 12 ಕಿಲೋ ತೂಗಿದರೆ ಹಾಸಿನ ಭಾರ 120 ಕಿಲೋ. ಈ ಅಂಕಿಯನ್ನು ಹಿಡಿದುಕೊಂಡು ಸ್ಟ್ರಕ್ಚರಲ್ ಎಂಜಿನಿಯರ್ ಬಳಿ ಹೋಗಿ, ಅವರು ಒಪ್ಪಿದ ಮೇಲೆಯೇ ಮುಂದುವರಿಯಿರಿ. ಮರದ ತೊಲೆಯ ಹಳೆಯ ಮದ್ರಾಸ್ ತಾರಸಿಯಾದರೆ ಈ ಆಸೆಯನ್ನೇ ಬಿಡಿ.

ಮುಂದಿನದು ತಾರಸಿಯ ನೀರುನಿರೋಧಕ ಲೇಪನದ ಪರೀಕ್ಷೆ. ಕೊಳವೆಗಳ ಬಾಯಿ ಮುಚ್ಚಿ, ಎರಡು ಅಂಗುಲ ನೀರು ಕಟ್ಟಿ, 48 ಗಂಟೆ ಬಿಡಿ. ಕೆಳಗಿನ ಕೋಣೆಯ ಮೂಲೆಗಳಲ್ಲಿ ತೇವದ ಕಲೆ ಮೂಡದಿದ್ದರೆ ಮಾತ್ರ ಮುಂದಿನ ಕೆಲಸ. ಮಣ್ಣು ಹಾಕಿದ ಮೇಲೆ ಸೋರಿಕೆ ಹುಡುಕುವುದು ಬಹಳ ಕಷ್ಟ.

ಲೇಪನದ ಮೇಲೆ ಬೇರು ತಡೆಯುವ ದಪ್ಪ ಹಾಳೆ, ಅದರ ಮೇಲೆ ಗುಳಿಗುಳಿಯಾಗಿರುವ ಪ್ಲಾಸ್ಟಿಕ್ ಡ್ರೈನ್ ಹಾಳೆ, ಅದರ ಮೇಲೆ ನೀರು ಬಿಟ್ಟು ಮಣ್ಣು ತಡೆಯುವ ಜಿಯೋಟೆಕ್ಸ್‌ಟೈಲ್ ಬಟ್ಟೆ, ಕೊನೆಗೆ ಮಿಶ್ರಣ. ಬಟ್ಟೆಯ ಅಂಚನ್ನು ಮಿಶ್ರಣದ ಎತ್ತರದವರೆಗೂ ಮೇಲಕ್ಕೆ ಮಡಚಿ. ಇಲ್ಲದಿದ್ದರೆ ಮಣ್ಣು ಪಕ್ಕದಿಂದ ನುಸುಳಿ ಡ್ರೈನ್ ಕಟ್ಟಿಕೊಳ್ಳುತ್ತದೆ. ಕೊಳವೆಯ ಬಾಯಿಯ ಸುತ್ತ ಒಂದಡಿ ಜಾಗ ಬಿಟ್ಟು ಬರೀ ಜಲ್ಲಿ ಹರಡಿ, ಬಾಯಿಗೆ ಕೈಯಲ್ಲಿ ಎತ್ತಿ ತೆಗೆಯುವಂಥ ಜಾಲರಿ ಇಡಿ.

ಗಿಡಗಳು ಬಿಸಿಲು ತಾಳುವಂಥವಾಗಿರಲಿ: ದೊಡ್ಡಪತ್ರೆ, ಟೇಬಲ್ ರೋಸ್, ಗರಿಕೆ. ಹಕ್ಕಿಗಳ ಹಿಕ್ಕೆಯಿಂದ ಅರಳಿ, ಆಲದ ಸಸಿಗಳೂ ಹುಟ್ಟುತ್ತವೆ. ಎರಡೆಲೆ ಬಿಟ್ಟಾಗಲೇ ಕೀಳಿ. ಅರಳಿಯ ಬೇರು ಕೂದಲೆಳೆಯಷ್ಟು ಬಿರುಕಿನಲ್ಲೂ ದಾರಿ ಮಾಡಿಕೊಳ್ಳುತ್ತದೆ.

ಒಣಗಿದ ಹತ್ತು ಸೆಂ.ಮೀ. ಹಾಸು 25 ಮಿ.ಮೀ.ನಷ್ಟು ಮಳೆ ಹೀರಬಲ್ಲದು. 600 ಚದರ ಅಡಿ ಹಾಸಿದರೆ ಸುಮಾರು 1,400 ಲೀಟರ್. ಆದರೆ ನಿನ್ನೆ ನೆನೆದ ಹಾಸು ಇಂದು ಅಷ್ಟು ಹಿಡಿಯದು. ಸೆಪ್ಟೆಂಬರಿನಲ್ಲಿ ಮಳೆ ಬೆನ್ನು ಬೆನ್ನಿಗೆ ಬರುವಾಗ ಉಕ್ಕುವ ನೀರಿಗೆ ಬೇರೆ ನೆಲೆ ಬೇಕೇ ಬೇಕು. ಹಾಗಾಗಿ ಕೊಳವೆಯನ್ನು ಮೋರಿಗೆ ಬಿಡದೆ ಇಂಗುಗುಂಡಿಗೆ ಜೋಡಿಸಿ. ಮೊದಲ ಕೆಲವು ಮಳೆಗಳಲ್ಲಿ ನೀರು ಚಹಾದ ಬಣ್ಣಕ್ಕಿರುತ್ತದೆ. ಅದನ್ನು ಕುಡಿಯುವ ನೀರಿನ ಸಂಪಿಗೆ ಸೇರಿಸಬೇಡಿ.